ತವರಿನ ಬಾಣಂತನ ಮತ್ತು ಡೊಮಿಸೈಲ್

ಮಗಳ ಇಂಜಿನಿಯರಿಂಗ್ ಪ್ರವೇಶಕ್ಕೆ ಡೊಮಿಸೈಲ್, ಅಂದರೆ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ ಪಡೆಯಲು ಪುಣೆಯಲ್ಲಿ ನಾನು ಪಟ್ಟ ಪಾಡನ್ನು ಕೇಳಿ ಬೆಂಗಳೂರಿನ ಗೆಳೆಯರೊಬ್ಬರು ಮೊನ್ನೆ ಫೋನಿನಲ್ಲಿ ಕೇಳಿದರು: "ಪುಣೆಗೆ ವಲಸೆ ಹೋದ ಮೇಲೆ ಅಲ್ಲಿನ ನಿಯಮಕ್ಕೆ ಒಗ್ಗಿಕೊಳ್ಳಬೇಕಲ್ಲವೇ? ಅಷ್ಟು ಕಷ್ಟವಾದರೆ ಮಗಳನ್ನು ಕರ್ನಾಟಕದಲ್ಲೇ ಓದಿಸಬಹುದಿತ್ತು." ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಆದರೆ ಎರಡು ವಾಕ್ಯಗಳಲ್ಲಿ ಎರಡು ತಪ್ಪುಗಳಿದ್ದವು.

ನಾನು ಕರ್ನಾಟಕದಿಂದ ಬಂದವನಲ್ಲ. ನನ್ನ ಊರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಸ್ವಾಮಿ ಸಮರ್ಥರ ದರ್ಶನಕ್ಕೆ ಬಸ್ಸು ತುಂಬಿಕೊಂಡು ನಮ್ಮೂರಿಗೆ ಹೋಗಿಬರುವ, ಪುಣೆಯ ಹಡಪಸರದ ನಮ್ಮ ನೆರೆಯವರೇ, ಮನೆಯಲ್ಲಿ ನಾವು ಆಡುವ ಮಾತು ಕೇಳಿ, "ಕರ್ನಾಟಕದಿಂದ ಯಾವಾಗ ಬಂದಿರಿ?" ಎನ್ನುತ್ತಾರೆ. ನಾನು ಏಳನೆಯ ತರಗತಿಯವರೆಗೆ ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಪಠ್ಯಪುಸ್ತಕಗಳು ಇದೇ ಪುಣೆಯ ಬಾಲಭಾರತಿ ಹೊರತಂದ ಕನ್ನಡ ಪುಸ್ತಕಗಳು. ನನಗೆ ಕನ್ನಡ ಕಲಿಸಿದ್ದು ಮಹಾರಾಷ್ಟ್ರ ಸರ್ಕಾರ ಎಂದರೆ ಬೆಂಗಳೂರಿನಲ್ಲಿಯೂ ನಂಬುವುದಿಲ್ಲ, ಪುಣೆಯಲ್ಲಿಯೂ ನಂಬುವುದಿಲ್ಲ.

ನಮ್ಮ ಹೆಂಡತಿಯ ತವರು ಅಫಜಲಪುರ, ಕಲಬುರಗಿ ಜಿಲ್ಲೆ. ನಮ್ಮ ಕಡೆ ಹೆಣ್ಣು ಕೊಟ್ಟು ತರುವಾಗ ಯಾರೂ ರಾಜ್ಯ ಯಾವುದೆಂದು ಕೇಳುವುದಿಲ್ಲ. ಚೊಚ್ಚಲ ಬಾಣಂತನ ತವರಿನದು ಎಂಬ ಪದ್ಧತಿಯಂತೆ ಮಗಳು ಅಲ್ಲಿ ಹುಟ್ಟಿದಳು, ಐದು ತಿಂಗಳ ಕೂಸಾಗಿ ಪುಣೆಗೆ ಬಂದಳು, ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ಇಲ್ಲೇ ಓದಿದಳು. ಇಂಜಿನಿಯರಿಂಗ್ ಪ್ರವೇಶದ ಹೊತ್ತಿಗೆ ಆ ಐದು ತಿಂಗಳು ಎದ್ದು ನಿಂತವು. ಇಲ್ಲಿ ಹತ್ತು ಮತ್ತು ಹನ್ನೆರಡನ್ನು ಪಾಸಾದ ವಿದ್ಯಾರ್ಥಿ ಮಹಾರಾಷ್ಟ್ರದಲ್ಲೇ ಹುಟ್ಟಿದ್ದರೆ ಡೊಮಿಸೈಲ್ ಪ್ರಮಾಣಪತ್ರ ಬೇಕಿಲ್ಲ, ಹೊರಗೆ ಹುಟ್ಟಿದ್ದರೆ ಬೇಕು. ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ ಎಲ್‌ಸಿಯಲ್ಲಿ ಅವಳ ಜನ್ಮಸ್ಥಳ ಅಫಜಲಪುರ.

ಸರ್ಕಾರಿ ಪ್ರಮಾಣಪತ್ರಗಳ ಅರ್ಜಿ ಪಡೆಯುವ ಸೇತು ಕೇಂದ್ರದ ಕಿಟಕಿಯಲ್ಲಿ ಹದಿನೈದು ವರ್ಷಗಳ ವಾಸವನ್ನು ಸಾಬೀತುಪಡಿಸಬೇಕಿತ್ತು. ರೇಶನ್ ಕಾರ್ಡು, ಲೈಟ್ ಬಿಲ್ಲು, ಶಾಲೆಯ ದಾಖಲೆಗಳು, ಅಕ್ಕಲಕೋಟೆಯ ನನ್ನದೇ ಎಲ್‌ಸಿ, ಎಲ್ಲವನ್ನೂ ಒಯ್ದೆ. ಅಲ್ಲಿಯ ಗುಮಾಸ್ತರಿಗೆ ಸಿಕ್ಕಿದ್ದು ಬೇರೆ ದೋಷ: ಅಫಜಲಪುರದ ಜನನ ಪತ್ರದಲ್ಲಿ ನನ್ನ ಹೆಸರಿನ ಮುಂದೆ ಬರೀ ಇನಿಶಿಯಲ್ ಇತ್ತು, ಇಲ್ಲಿಯ ಕಾಗದಗಳಲ್ಲಿ ನನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಇಬ್ಬರೂ ನಾನೇ ಎಂದು ಅಫಿಡವಿಟ್ ಮಾಡಿಸಿದೆ. "ಮೂಲ ಕರ್ನಾಟಕದವರಲ್ಲವೇ?" ಎಂದು ಅವರು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು, ನಾನು ಮರಾಠಿಯಲ್ಲೇ ಅಲ್ಲವೆಂದೆ. ಐದನೆಯ ಸಲಕ್ಕೆ ಪ್ರಮಾಣಪತ್ರ ಬಂತು.

ಸಂವಿಧಾನದ 15ನೆಯ ವಿಧಿ ಜನ್ಮಸ್ಥಳದ ಆಧಾರದ ಮೇಲೆ ಭೇದ ಮಾಡಬಾರದೆನ್ನುತ್ತದೆ. ಇಂದೂರಿನ ವೈದ್ಯಕೀಯ ಕಾಲೇಜಿನ ಶುಲ್ಕದ ಬಗೆಗಿನ ಡಿ. ಪಿ. ಜೋಶಿ ಪ್ರಕರಣದಲ್ಲಿ, 1955ರಲ್ಲೇ, ಸುಪ್ರೀಂ ಕೋರ್ಟು ವಾಸಸ್ಥಳ ಬೇರೆ, ಜನ್ಮಸ್ಥಳ ಬೇರೆ ಎಂದು ಹೇಳಿ ವಾಸದ ಆಧಾರದ ಭೇದಕ್ಕೆ ದಾರಿ ಬಿಟ್ಟಿತು. 1984ರ ಪ್ರದೀಪ್ ಜೈನ್ ತೀರ್ಪು ಈ ದೇಶದಲ್ಲಿರುವುದು ಒಂದೇ ಡೊಮಿಸೈಲ್, ಅದು ಭಾರತದ್ದು ಎಂದಿತು. ಆದರೂ ಎಂಬಿಬಿಎಸ್ ಮಟ್ಟದಲ್ಲಿ ವಾಸದ ಮೀಸಲಾತಿಗೆ ಒಂದಿಷ್ಟು ಜಾಗ ಉಳಿಸಿತು. ಸ್ನಾತಕೋತ್ತರ ವೈದ್ಯಕೀಯದಲ್ಲಿ ಅಂಥ ಮೀಸಲಾತಿ ಸಲ್ಲದೆಂದು 2025ರ ಜನವರಿಯಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು. ರಾಜ್ಯ ತನ್ನ ಮಕ್ಕಳಿಗೆ ಸೀಟು ಕಾಯ್ದಿಡುವುದಕ್ಕೆ ನನ್ನ ತಕರಾರಿಲ್ಲ. ಹಾಗೆ ಮಾಡದಿದ್ದರೆ ಅಕ್ಕಲಕೋಟೆಯಂಥ ಊರಿನವರು ಎಂದೂ ಒಳಗೆ ಹೋಗಲಾರರು. ನನ್ನ ತಕರಾರು ಇಷ್ಟೇ: ವಾಸ ಬೇರೆ, ಜನನ ಬೇರೆ ಎಂದು ಕೋರ್ಟು ಹೇಳಿದ್ದರೂ ಕಿಟಕಿಯಲ್ಲಿ ಮೊದಲು ನೋಡುವುದು ಹುಟ್ಟಿದ ಊರನ್ನೇ.

ಇನ್ನು ಗೆಳೆಯರ ಎರಡನೆಯ ಸಲಹೆ. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೊಂದು ಕಲಮು ಇದೆ. ದಕ್ಷಿಣ ಸೊಲ್ಲಾಪುರ, ಜತ್, ಗಡಹಿಂಗ್ಲಜಗಳ ಜತೆಗೆ ಅಕ್ಕಲಕೋಟೆಯ ಹೆಸರೂ ಅದರಲ್ಲಿದೆ. ಆದರೆ ಆ ತಾಲ್ಲೂಕಿನಲ್ಲೇ ವಾಸವಿರಬೇಕು, ಕನ್ನಡದ ಪರೀಕ್ಷೆ ಬರೆಯಬೇಕು. ಅಲ್ಲೇ ಉಳಿದಿರುವ ನಮ್ಮ ಅಣ್ಣನ ಮಗನಿಗೆ ಅದರಿಂದ ಉಪಕಾರವಾಗಬಹುದು, ಹಡಪಸರದಲ್ಲಿ ಬೆಳೆದ ನನ್ನ ಮಗಳಿಗಿಲ್ಲ. ಇತ್ತ ಮಹಾರಾಷ್ಟ್ರದ ನಿಯಮಗಳಲ್ಲಿಯೂ ಕರ್ನಾಟಕದ ಗಡಿಭಾಗದ ಮರಾಠಿ ಮಕ್ಕಳಿಗೆ ಇಂಥದೇ ಕಲಮು ಇದೆ. ಎರಡೂ ಸರ್ಕಾರಗಳು ಪಕ್ಕದ ಅಂಗಳದ ಮಕ್ಕಳನ್ನು ಕರೆದು ಬೆಲ್ಲ ಕೊಡುತ್ತವೆ.

2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಆಮೇಲೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮೀಸಲಾತಿ ಮಸೂದೆಯನ್ನು ಈ ಗೆಳೆಯರು ಬಹಳ ಮೆಚ್ಚಿಕೊಂಡಿದ್ದರು. ಅದರಂತೆ ಸ್ಥಳೀಯರೆಂದರೆ ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ವಾಸವಿದ್ದು, ಕನ್ನಡ ಓದಲು ಬರೆಯಲು ಬಲ್ಲವರು. ಮಗಳು ಮೊದಲ ಷರತ್ತಿನಲ್ಲಿ ಪಾಸು, ಎರಡನೆಯದರಲ್ಲಿ ನಪಾಸು. ನಾನು ಮೊದಲನೆಯದರಲ್ಲೇ ನಪಾಸು. ಇದನ್ನು ಹೇಳಿದಾಗ ಅವರು ನಕ್ಕರು, "ನಿಮ್ಮದು ವಿಶೇಷ ಪ್ರಕರಣ" ಎಂದರು. ನಮ್ಮ ಓಣಿಯಲ್ಲಿ ಇಂಥ ವಿಶೇಷ ಪ್ರಕರಣಗಳು ಮನೆಗೊಂದಿವೆ.

ಕಳೆದ ವಾರ ತಮ್ಮನ ಹೆಂಡತಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅಕ್ಕಲಕೋಟೆಗೆ ಹೋಗಿದ್ದೆ. ಅವಳ ತವರು ಕರ್ನಾಟಕದ ಇಂಡಿ. ಹೆರಿಗೆಯನ್ನು ಸೊಲ್ಲಾಪುರದ ಆಸ್ಪತ್ರೆಯಲ್ಲೇ ಮಾಡಿಸೋಣ, ಆಮೇಲೆ ಬೇಕಾದರೆ ಕರೆದುಕೊಂಡು ಹೋಗಿ ಎಂದು ಬೀಗತಿಯವರಿಗೆ ಹೇಳಿ ನೋಡಿದೆ, ಕಾರಣವನ್ನೂ ವಿವರಿಸಿದೆ. "ಕಾಗದದ ಸಲುವಾಗಿ ಮಗಳನ್ನ ತವರಿಗಿ ಕಳಸೂದಿಲ್ಲೇನ್ರಿ ನೀವು?" ಎಂದು ಅವರು ಮುಖ ಸಣ್ಣದು ಮಾಡಿಕೊಂಡರು. ಮರುದಿನ ಬೆಳಗಿನ ಬಸ್ಸಿಗೆ ಇಂಡಿಗೆ ಹೊರಟರು. ಚೀಲಗಳನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತುಕೊಟ್ಟವನು ನಾನೇ.