ನಗಲು ಬಾರದ ಮುಖ

ಕಾಯಿಲೆಯವರಿರುವ ಮನೆಗಳಿಂದ ನನ್ನ ಬಳಿ ಬರುವವರು ಕುಳಿತ ಕೂಡಲೇ ಕ್ಷಮೆ ಕೇಳುತ್ತಾರೆ. ‘ನನ್ನದೇನೂ ದೊಡ್ಡ ತೊಂದರೆಯಲ್ಲ ಮೇಡಂ’ ಎಂದು ಶುರುಮಾಡಿ, ಅರ್ಧ ಗಂಟೆ ರೋಗಿಯ ವಿಚಾರವನ್ನೇ ಹೇಳುತ್ತಾರೆ. ತಮ್ಮ ಮಾತು ಬರುವುದು ಎದ್ದು ಹೊರಟ ಮೇಲೆ, ಬಾಗಿಲ ಹತ್ತಿರ. ಈ ಮಹಿಳೆಯೂ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು: ‘ಈ ವಯಸ್ಸಿನಲ್ಲಿ, ಇಂಥ ಮನೆಯಲ್ಲಿದ್ದುಕೊಂಡು, ಸ್ವಲ್ಪ ಸಂತೋಷವಾಗಿರಬೇಕು ಎನಿಸುವುದು ತಪ್ಪೇ?’

ಈ ಪ್ರಶ್ನೆ ನನಗೆ ಹೊಸದಲ್ಲ. ಪ್ರಕರಣವನ್ನು ಬರೆಯಲು ಕೂತಿರುವುದು, ಇದರಲ್ಲಿ ನಾನು ಮೂರು ಭೇಟಿಗಳಷ್ಟು ದಾರಿ ತಪ್ಪಿದೆ ಎಂಬ ಕಾರಣಕ್ಕೆ. ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 60 ದಾಟಿದೆ, ಪತಿಗೆ 70. ಪತಿಗೆ ಆರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಜೊತೆಯಲ್ಲಿ ಮಗ, ಸೊಸೆ. ಹಣದ ತಾಪತ್ರಯವಿಲ್ಲ, ಜಗಳವಿಲ್ಲ. ‘ಜಗಳವಾದರೂ ಇದ್ದಿದ್ದರೆ ಸದ್ದಿರುತ್ತಿತ್ತು’ ಎಂದರು ಆಕೆ. ‘ಇವರು ಗೋಡೆ ನೋಡುತ್ತ ಕೂತಿರುತ್ತಾರೆ. ಮುಖ ನೋಡಿದರೆ ನಮಗೆ ಮಾತೇ ಹೊರಡುವುದಿಲ್ಲ. ಮಗ ಕಾಲ ತುದಿಯಲ್ಲಿ ಓಡಾಡುತ್ತಾನೆ. ಸೊಸೆ ಫೋನಿನಲ್ಲಿ ನಗಬೇಕೆಂದರೆ ಮಹಡಿಗೆ ಹೋಗುತ್ತಾಳೆ.’

ಹಿರಿಯರ ಖಿನ್ನತೆಯನ್ನು ಅಂದಾಜು ಮಾಡಲು 15 ಪ್ರಶ್ನೆಗಳ ಒಂದು ಪಟ್ಟಿಯಿದೆ. ಅಂಕ ಐದು ದಾಟಿದರೆ ಎಚ್ಚರ ವಹಿಸಬೇಕು. ಆಕೆಗೆ ಎಂಟು ಬಂತು. ನಾನು ವೃತ್ತಿಯ ರೂಢಿಯಂತೆ ಹೊರಟೆ. ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡಿ ಎಂದೆ. ಮುಂದಿನ ವಾರ ಅಚ್ಚುಕಟ್ಟಾಗಿ ಬರೆದು ತಂದರು: ‘ಮಾತ್ರೆ ಹೊತ್ತಿಗೆ ಸರಿಯಾಗಿ ಕೊಟ್ಟೆ. ಇವರು ಬೀಳಲಿಲ್ಲ. ರಾತ್ರಿ ಎರಡು ಸಲ ಮಾತ್ರ ಎದ್ದರು.’ ಏಳು ದಿನ, ಇಪ್ಪತ್ತೊಂದು ಸಾಲು, ಒಂದರಲ್ಲೂ ಆಕೆ ಇಲ್ಲ. ಅದನ್ನು ಗಮನಿಸದೆ ನಾನು ‘ಚೆನ್ನಾಗಿದೆ’ ಎಂದೆ. ಮೂರನೆಯ ಭೇಟಿಯಲ್ಲಿ ಇನ್ನೂ ಮುಂದೆ ಹೋಗಿ, ಮೊದಲಿನ ಗಂಡ ಇನ್ನು ಸಿಗುವುದಿಲ್ಲ, ಆ ನಷ್ಟಕ್ಕೆ ಅತ್ತುಬಿಡಿ ಎಂದು ಹೇಳಿದೆ. ಆಕೆ ಅತ್ತರು. ಕೆಲಸ ಮುಂದಕ್ಕೆ ಸಾಗುತ್ತಿದೆ ಎಂದುಕೊಂಡೆ. ಆ ಮನುಷ್ಯನನ್ನು ನಾನು ಒಮ್ಮೆಯೂ ಕಂಡಿರಲಿಲ್ಲ!

ನಾಲ್ಕನೆಯ ಸಲ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಆಕೆ ಪತಿಯನ್ನೂ ಕರೆತಂದರು. ಹೊರಗೆ ಕೂರಿಸುತ್ತೇನೆ ಎಂದರು. ನಮಸ್ಕಾರ ಹೇಳಿದೆ. ರೆಪ್ಪೆ ಬಡಿಯದೆ ನನ್ನನ್ನೇ ನೋಡಿದರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇವರಿಗೆ ಇಲ್ಲಿಗೆ ಬರುವುದು ಇಷ್ಟವಿರಲಿಲ್ಲ, ಹೆಂಡತಿ ಹೇಳಿದ್ದು ನಿಜ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಇದು ಬರೆಯಲು ನಾಚಿಕೆಯಾಗುವ ಸಂಗತಿ, ಏಕೆಂದರೆ ನಾನು ಇದನ್ನು ಓದಿ ಬಲ್ಲವಳು. ಮಿದುಳಿನಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುತ್ತ ಹೋದಂತೆ ಕೈಕಾಲಿನ ಚಲನೆ ನಿಧಾನವಾಗುವ ಹಾಗೆಯೇ ಮುಖದ ಸ್ನಾಯುಗಳದ್ದೂ ಆಗುತ್ತದೆ. ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ದನಿ ತಗ್ಗುತ್ತದೆ, ಉತ್ತರ ತಡವಾಗುತ್ತದೆ. ಒಳಗಿನ ಭಾವ ಮುಖಕ್ಕೆ ಬರಲು ದಾರಿಯೇ ಇರುವುದಿಲ್ಲ. ವೈದ್ಯರು ಇದನ್ನು ಮುಖವಾಡವೆಂದೇ ಕರೆಯುತ್ತಾರೆ. ಲಿಂಡಾ ಟಿಕಲ್-ಡೆಗ್ನೆನ್ ಮತ್ತು ಕ್ಯಾಥ್ಲೀನ್ ಲಯನ್ಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಬಗ್ಗೆಯೇ: ಇಂಥ ಮುಖ ಕಂಡಾಗ ಚಿಕಿತ್ಸೆ ನೀಡುವವರೂ ರೋಗಿಯ ಸ್ವಭಾವವನ್ನು ತಪ್ಪಾಗಿ ಅಳೆಯುತ್ತಾರೆ. ಓದಿದ್ದೆಲ್ಲ ತಲೆಯಲ್ಲಿತ್ತು, ಕಣ್ಣು ಮಾತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ.

ಅದು ನೆನಪಾದದ್ದು ಬಾಗಿಲು ಹಾಕುವಾಗ. ‘ನೀವೂ ಒಳಗೆ ಬನ್ನಿ’ ಎಂದೆ. ಮಾತ್ರೆ ತೆಗೆದುಕೊಂಡು ಒಂದು ಗಂಟೆಯಾಗಿತ್ತು. ದೇಹ ಸ್ವಲ್ಪ ಮಾತು ಕೇಳುವ ಹೊತ್ತು. ಅದೇ 15 ಪ್ರಶ್ನೆಗಳನ್ನು ಅವರಿಗೂ ಕೇಳಿದೆ. ನಿದ್ದೆ, ಸುಸ್ತು, ನಿಧಾನಗತಿಯನ್ನು ಲೆಕ್ಕಹಾಕುವ ಬೇರೆ ಪಟ್ಟಿಗಳಿವೆ, ಆದರೆ ಪಾರ್ಕಿನ್ಸನ್ ಇರುವವರಲ್ಲಿ ಅವೆಲ್ಲ ಕಾಯಿಲೆಯಿಂದಲೇ ಬಂದಿರಬಹುದು. ಈ ಪಟ್ಟಿ ಹೆಚ್ಚಾಗಿ ಮನಸ್ಸನ್ನೇ ಕೇಳುತ್ತದೆ, ಉತ್ತರವೂ ‘ಹೌದು’ ಅಥವಾ ‘ಇಲ್ಲ’ ಅಷ್ಟೇ. ಪ್ರತಿ ಉತ್ತರಕ್ಕೂ ಕಾಯಬೇಕಾಯಿತು. ಪತ್ನಿ ಎರಡು ಸಲ ಅವರ ಪರವಾಗಿ ಹೇಳಲು ಹೊರಟರು. ಕೈಸನ್ನೆ ಮಾಡಿ ತಡೆದೆ. ಅಂಕ ಎರಡು.

‘ಸುಳ್ಳು ಹೇಳುತ್ತಿದ್ದಾರೆ ಮೇಡಂ, ನಿಮ್ಮೆದುರು ಮರ್ಯಾದೆಗೆ’ ಎಂದರು ಪತ್ನಿ.

ಅಂಕ ತಂದ ಎರಡು ಉತ್ತರಗಳಲ್ಲಿ ಒಂದು, ‘ಆಗಾಗ ಬೇಸರವಾಗುತ್ತದೆಯೇ’ ಎಂಬ ಪ್ರಶ್ನೆಗೆ ಕೊಟ್ಟ ‘ಹೌದು’. ಏಕೆ ಬೇಸರ ಎಂದು ಕೇಳಿದೆ. ಗಡಿಯಾರದ ಮುಳ್ಳು ನೋಡುತ್ತ ಕಾದೆ. ಬಹಳ ತಗ್ಗಿದ ದನಿಯಲ್ಲಿ ಹೇಳಿದರು: ‘ಇವಳು ಅಣಕಿಸುವುದನ್ನು ಬಿಟ್ಟಳು.’

ನನಗೆ ಅರ್ಥವಾಗಲಿಲ್ಲ. ಪತ್ನಿಯ ಮುಖ ಕೆಂಪೇರಿತು. ಮದುವೆಯಾದಂದಿನಿಂದ ಆಕೆ ಮನೆಗೆ ಬಂದುಹೋದವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದರಂತೆ. ನೆಂಟರು, ಗಂಡನ ಮೇಲಧಿಕಾರಿ, ಮಗನ ಮೇಷ್ಟ್ರು, ಯಾರನ್ನೂ ಬಿಟ್ಟವರಲ್ಲ. ಮತ್ತೆ ನಿಲ್ಲಿಸಿದ್ದು ಏಕೆ? ‘ನಾನು ಶುರುಮಾಡಿದ ಕೂಡಲೇ ಇವರ ಕೈ ಜೋರಾಗಿ ನಡುಗುತ್ತಿತ್ತು. ಅಪ್ಪನಿಗೆ ತ್ರಾಸವಾಗುತ್ತಿದೆ, ಸುಮ್ಮನಿರಮ್ಮಾ ಎಂದು ಮಗ ಬೈದ. ಮುಖವಂತೂ ಕಲ್ಲಿನ ಹಾಗೆ ಇರುತ್ತಿತ್ತು. ಇವರಿಗೆ ಹಿಂಸೆಯಾಗುತ್ತಿದೆ ಎಂದುಕೊಂಡು ಬಿಟ್ಟೆ. ಎರಡು ವರ್ಷವಾಯಿತು.’

ಅವರು ಏನೋ ಹೇಳಿದರು, ಕೇಳಿಸಲಿಲ್ಲ. ಬಗ್ಗಿ ಕೇಳಿದೆ.

‘ಅದು ನಗು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಮುಖಕ್ಕೆ ಬರುವುದಿಲ್ಲ. ಕೈಗೆ ಬರುತ್ತದೆ.’

ಪಾರ್ಕಿನ್ಸನ್ ನಡುಕ ಆತಂಕದಲ್ಲಿ ಹೆಚ್ಚುತ್ತದೆ ಎಂಬುದು ಎಲ್ಲ ಮನೆಯವರಿಗೂ ಗೊತ್ತು. ಮನಸ್ಸು ಉಕ್ಕಿದಾಗೆಲ್ಲ ಹೆಚ್ಚುತ್ತದೆ, ಖುಷಿಯಲ್ಲೂ ಹೆಚ್ಚುತ್ತದೆ ಎಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಈ ಮನೆ ಎರಡು ವರ್ಷಗಳಿಂದ, ಪ್ರೀತಿಯಿಂದಲೇ, ಅವರನ್ನು ನಗಿಸುವಂಥದ್ದನ್ನೆಲ್ಲ ಒಂದೊಂದಾಗಿ ಹುಡುಕಿ ಹೊರಗೆ ಹಾಕಿತ್ತು. ಮೊಮ್ಮಕ್ಕಳ ಗಲಾಟೆ, ಹಳೆಯ ಗೆಳೆಯನ ಭೇಟಿ, ಟಿವಿಯ ಪಂದ್ಯ. ಕೈ ನಡುಗಿದ್ದಕ್ಕೆಲ್ಲ ತಡೆ. ಆಮೇಲೆ ಅವರು ಗೋಡೆ ನೋಡುತ್ತ ಕೂತರು. ಬೇರೆ ಏನನ್ನು ನೋಡಬೇಕಿತ್ತು?

ಪತ್ನಿ ತುಂಬ ಹೊತ್ತು ಮಾತಾಡಲಿಲ್ಲ. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಇದನ್ನು ಕೇಳಿ ನಿಮಗೆ ಏನನಿಸುತ್ತಿದೆ?’ ಎಂದೆ. ಆಕೆ ನನ್ನನ್ನು ನೋಡಿದರು. ಗಂಡನ ಕಡೆ ತಿರುಗಿದರು. ಕಣ್ಣಿಗಿಲ್ಲದ ಕನ್ನಡಕವನ್ನು ತೆಗೆದು, ಇಲ್ಲದ ಮೇಜಿನ ಮೇಲೆ ಮೆಲ್ಲಗೆ ಇಟ್ಟು, ತಲೆಯನ್ನು ತುಸು ಓರೆಮಾಡಿ, ನನ್ನದೇ ದನಿಯಲ್ಲಿ ‘ಇದನ್ನು ಕೇಳಿ ನಿಮಗೆ ಏನನಿಸುತ್ತಿದೆ?’ ಎಂದರು. ತಲೆ ಓರೆಮಾಡುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಮುಖ ಹಾಗೆಯೇ ಇತ್ತು. ಎಡಗೈ ಮಾತ್ರ ಕುರ್ಚಿಯ ತೋಳಿನ ಮೇಲೆ ಪಟಪಟನೆ ಬಡಿಯತೊಡಗಿತು.

ಅಂದು ಕೊಟ್ಟ ಸಲಹೆಗಳು ಸರಳ. ಮುಖ ನೋಡಿ ಊಹಿಸಬೇಡಿ, ಬಾಯಿಬಿಟ್ಟು ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅವರ ಉತ್ತರವನ್ನು ನೀವು ಹೇಳಬೇಡಿ. ಮಾತ್ರೆ ಕೆಲಸ ಮಾಡುವ ಹೊತ್ತನ್ನು ಸ್ನಾನ, ಆಸ್ಪತ್ರೆ, ಬ್ಯಾಂಕಿನ ಕಾಗದಗಳಿಗೇ ಖರ್ಚು ಮಾಡಬೇಡಿ. ಸ್ವಲ್ಪವನ್ನು ಹರಟೆಗೆ ಉಳಿಸಿ. ದನಿಗೆ ವಾಕ್ ಚಿಕಿತ್ಸಕರನ್ನು ಕಾಣಿ, ಏಕೆಂದರೆ ತಮ್ಮ ದನಿ ತಗ್ಗಿದೆ ಎಂಬುದು ಈ ರೋಗಿಗಳಿಗೆ ಎಷ್ಟೋ ಸಲ ಸ್ವತಃ ತಿಳಿಯುವುದಿಲ್ಲ. ಕೊನೆಯದು ಪತ್ನಿಗೆ: ವಾರಕ್ಕೆ ಒಂದು ಸಂಜೆ ಮನೆಯಿಂದ ಹೊರಗೆ ಹೋಗಿ, ಆ ಹೊತ್ತು ಮಗ ಅಪ್ಪನ ಜೊತೆ ಇರಲಿ. ಹೊಸಬರನ್ನು ನೋಡದೆ ಅಣಕಿಸುವುದಾದರೂ ಯಾರನ್ನು?

ಈ ಕೊನೆಯದರ ಬಗ್ಗೆ ಮಗನಿಗೆ ಸಿಟ್ಟು ಬಂತು. ಫೋನ್ ಮಾಡಿ, ‘ಅಪ್ಪ ಈ ಸ್ಥಿತಿಯಲ್ಲಿರುವಾಗ ಅಮ್ಮನಿಗೆ ಖುಷಿಯಾಗಿರಿ ಎನ್ನುವುದು ಎಂಥ ಸಲಹೆ?’ ಎಂದು ಕೇಳಿದ. ನನ್ನ ಸಹೋದ್ಯೋಗಿಯೊಬ್ಬರು ಸಹ ಆಕೆಯ ಅಪರಾಧಪ್ರಜ್ಞೆಯನ್ನು ಮೊದಲು ತಿಳಿಮಾಡಬೇಕಿತ್ತು, ಅವಸರ ಮಾಡಿದೆ ಎಂದರು. ಇರಬಹುದು. ಆದರೂ ನಾನು ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಜ್ವರವಾದರೆ ಬಿಟ್ಟ ಮೇಲೆ ನಗೋಣ ಎನ್ನಬಹುದು. ಈ ಕಾಯಿಲೆಯನ್ನು ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ್ದು 1817ರಲ್ಲಿ. ಇಂದಿಗೂ ಔಷಧದಿಂದ ಲಕ್ಷಣಗಳನ್ನು ಹತೋಟಿಯಲ್ಲಿಡಬಹುದು, ವಾಸಿಮಾಡಲು ಬರುವುದಿಲ್ಲ. ವಾಸಿಯಾಗದ ಕಾಯಿಲೆಯ ಮನೆಯಲ್ಲಿ ‘ಆಮೇಲೆ’ ಎಂದರೆ ರೋಗಿ ಸತ್ತ ಮೇಲೆ ಎಂದೇ ಅರ್ಥ. ಮಗನಿಗೆ ಇದನ್ನು ಇಷ್ಟೇ ಒರಟಾಗಿ ಹೇಳಿದೆ. ಅವನು ಫೋನ್ ಇಟ್ಟ. ಆದರೆ ಮುಂದಿನ ಭಾನುವಾರ ಅಪ್ಪನ ಜೊತೆ ಕೂತನಂತೆ.

ಓದುವವರಲ್ಲಿ ಒಂದು ಮಾತು, ಏಕೆಂದರೆ ಇದನ್ನು ತಪ್ಪಾಗಿ ಬಳಸುವ ಅಪಾಯವಿದೆ. ಮುಖವಾಡದ ಹಿಂದೆ ಯಾವಾಗಲೂ ನಗುವೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಪಾರ್ಕಿನ್ಸನ್ ಜೊತೆ ಖಿನ್ನತೆ ಬರುವುದು ಬಹಳ ಸಾಮಾನ್ಯ, ಕೆಲವರಲ್ಲಿ ನಡುಕಕ್ಕಿಂತ ವರ್ಷಗಳ ಮೊದಲೇ ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ದುಃಖವಿಲ್ಲದಿದ್ದರೂ ಯಾವುದರಲ್ಲೂ ಆಸಕ್ತಿಯೇ ಹುಟ್ಟದ ಸ್ಥಿತಿಯೂ ಇದೆ, ಅದು ಬೇರೆ. ಬದುಕಿ ಪ್ರಯೋಜನವಿಲ್ಲ ಎಂಬಂಥ ಮಾತು ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಇವರಿಗೂ ನರರೋಗ ತಜ್ಞರನ್ನು ಇನ್ನೊಮ್ಮೆ ಕಾಣಲು ಹೇಳಿದ್ದೆ. ಅಂದಹಾಗೆ, ಆ ಮನೆಯಲ್ಲಿ ಖಿನ್ನತೆಗೆ ಚಿಕಿತ್ಸೆ ಬೇಕಾದದ್ದು ಪತ್ನಿಗೆ. ಆರು ತಿಂಗಳು ಮಾತ್ರೆ ನುಂಗಿದರು, ನನ್ನ ಬಳಿಗೂ ಬರುತ್ತಿದ್ದರು. ಅಣಕದಿಂದಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಕಥೆ ಚೆಂದವಾದೀತು, ನಿಜವಾಗದು.

ಕಾಯಿಲೆ ತನ್ನ ಪಾಡಿಗೆ ಮುಂದುವರಿದಿದೆ. ಅವರು ಒಮ್ಮೆ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಈಗ ಮಾತು ಇನ್ನೂ ಕಡಿಮೆ. ಗಂಡ ಹೆಂಡತಿ ಸೇರಿ ಒಂದು ಲೆಕ್ಕ ಮಾಡಿಕೊಂಡಿದ್ದಾರೆ: ಅಣಕ ಮುಗಿದ ಮೇಲೆ ಅವರು ಬಲಗೈಯ ಬೆರಳು ಎತ್ತಿ ತೋರಿಸಬೇಕು, ಐದು ಬಂದರೆ ಪೂರ್ತಿ ಅಂಕ. ಹೋದ ತಿಂಗಳು ಆಕೆ ಫೋನ್ ಮಾಡಿದ್ದರು. ಹೊಸ ಫಿಸಿಯೊಥೆರಪಿಸ್ಟ್‌ಗೆ ನಾಲ್ಕು ಬೆರಳು ಬಂತಂತೆ.

‘ನನಗೆ?’ ಎಂದು ಕೇಳಿದೆ.

‘ನಿಮ್ಮನ್ನೂ ಮೊನ್ನೆ ಮಾಡಿದೆ ಮೇಡಂ. ಒಂದೇ ಬೆರಳು. ಹಳೆಯದಾಯಿತಂತೆ.’