ಡೀಸೆಲ್ ಸರ್ಚಾರ್ಜ್: ಭಾಗಿಸುವ ಮೊದಲು ಕಳೆಯಿರಿ

ಅಮೆರಿಕದಲ್ಲಿ ಸ್ವಂತ ಟ್ರಕ್ಕನ್ನು ಸಾಗಣೆ ಕಂಪನಿಗೆ ಲೀಸ್ ಕೊಟ್ಟು, ಮೈಲಿ ಲೆಕ್ಕದಲ್ಲಿ ಓಡಿಸುವವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಇಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಿರುವುದು ನೋಡಿ ಬೇಸರವಾಗಿದೆ. ಆದ್ದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಡೀಸೆಲ್ ಗ್ಯಾಲನ್‌ಗೆ 4 ಡಾಲರ್. ನನ್ನ ಟ್ರಕ್ಕಿನ ಮೈಲೇಜ್ ಗ್ಯಾಲನ್‌ಗೆ 6 ಮೈಲಿ. ಅಂದರೆ ಮೈಲಿಗೆ ಸುಮಾರು 67 ಸೆಂಟ್ ಖರ್ಚು. ಕಂಪನಿ ಕೊಡುವ ಸರ್ಚಾರ್ಜ್ 40 ಸೆಂಟ್ ಮಾತ್ರ. ಉಳಿದ 27 ಸೆಂಟನ್ನು ಅವರು ನುಂಗುತ್ತಿದ್ದಾರೆಯೇ?

ಸರ್ಚಾರ್ಜ್ ಎಂದರೆ ಡೀಸೆಲ್ ಖರ್ಚು ಪೂರ್ತಿ ಕೊಡುವುದಲ್ಲ. ಬೆಲೆ ಒಂದು ಗೆರೆ ದಾಟಿದ ಮೇಲಿನ ಏರಿಕೆಯನ್ನಷ್ಟೇ ಕೊಡುವುದು. ಆ ಗೆರೆಗೆ ಆಧಾರ ಬೆಲೆ ಎನ್ನೋಣ. ಈಗಿನ ಬೆಲೆಯಿಂದ ಆಧಾರ ಬೆಲೆಯನ್ನು ಕಳೆದು, ಬಂದದ್ದನ್ನು ಒಪ್ಪಂದದಲ್ಲಿರುವ ಮೈಲೇಜ್‌ನಿಂದ ಭಾಗಿಸಬೇಕು. ನೀವು ಕಳೆಯದೆ ಭಾಗಿಸಿದ್ದೀರಿ.

ನೀವು ಕಳುಹಿಸಿದ ಒಪ್ಪಂದದಲ್ಲಿ ಆಧಾರ ಬೆಲೆ 1.20 ಡಾಲರ್, ಮೈಲೇಜ್ 7 ಎಂದಿದೆ. 4.00ರಿಂದ 1.20 ಕಳೆದರೆ 2.80. ಅದನ್ನು 7ರಿಂದ ಭಾಗಿಸಿದರೆ 40 ಸೆಂಟ್. ಕಂಪನಿಯ ಲೆಕ್ಕ ಒಪ್ಪಂದದ ಪ್ರಕಾರವೇ ಇದೆ. ನಿಮಗೆ ಕಾಣುತ್ತಿರುವ 27 ಸೆಂಟ್‌ನಲ್ಲಿ 20 ಸೆಂಟ್ ಆ 1.20ರ ಪಾಲು (ನಿಮ್ಮ 6 ಮೈಲಿಗೆ ಹಂಚಿದಾಗ), ಅದು ನಿಮ್ಮ ಮೈಲಿ ದರದೊಳಗೇ ಸೇರಿದೆ. ಮೈಲಿ ದರ ಒಪ್ಪಿಕೊಂಡಾಗ ಅದರಲ್ಲಿ 20 ಸೆಂಟ್ ಡೀಸೆಲ್‌ಗೆ ಹೋಗುತ್ತದೆಂದು ಲೆಕ್ಕ ಹಾಕಿದ್ದಿರಾ? ಇಲ್ಲವಾದರೆ ನಿಮ್ಮ ಕೈಗೆ ಸಿಗುತ್ತದೆಂದು ನೀವು ಭಾವಿಸಿದ ದರವೇ ತಪ್ಪು.

ನಿಜವಾದ ಪೆಟ್ಟು ಉಳಿದ 7 ಸೆಂಟ್‌ನದು. ಕಂಪನಿ 7 ಮೈಲಿ ಎಂದು ಬರೆದಿದೆ, ನಿಮ್ಮ ಟ್ರಕ್ಕು ಓಡುವುದು 6. ವಾರಕ್ಕೆ 2,500 ಮೈಲಿ ಓಡಿದರೆ ಸುಮಾರು 167 ಡಾಲರ್ ಕೈಬಿಟ್ಟಂತೆ. ಇದು ಮೋಸವಲ್ಲ, ನೀವೇ ಸಹಿ ಹಾಕಿದ ಸಂಖ್ಯೆ. ಇಂಜಿನ್ ನೋಡಿಸಿ, ವೇಗ ಇಳಿಸಿ, ಒಪ್ಪಂದ ನವೀಕರಿಸುವಾಗ ಈ ಸಂಖ್ಯೆಯ ಮೇಲೆ ಚೌಕಾಸಿ ಮಾಡಿ. ಸರ್ಚಾರ್ಜ್ ಪಟ್ಟಿ ಮಾತ್ರ ಕೊಟ್ಟು ಮೈಲೇಜ್ ಹೇಳದ ಕಂಪನಿಗಳೂ ಇವೆ. ಆಗ ಪಟ್ಟಿಯ ಮೆಟ್ಟಿಲು ನೋಡಿ: ಡೀಸೆಲ್ 6 ಸೆಂಟ್ ಏರಿದಾಗ ಸರ್ಚಾರ್ಜ್ 1 ಸೆಂಟ್ ಏರಿದರೆ ಅವರು ಹಿಡಿದಿರುವ ಮೈಲೇಜ್ 6, 5 ಸೆಂಟ್‌ಗೆ 1 ಸೆಂಟ್ ಏರಿದರೆ 5.

ಇನ್ನೊಂದು ಸೋರಿಕೆಯನ್ನು ನೀವು ಕೇಳಿಯೇ ಇಲ್ಲ. ನೀವು ಕಳುಹಿಸಿದ ವಾರದ ಲೆಕ್ಕದ ಚೀಟಿಯಲ್ಲಿ 2,500 ಮೈಲಿಯ ಪೈಕಿ 400 ಮೈಲಿ ಖಾಲಿ ಓಟ. ಅದಕ್ಕೆ ಸರ್ಚಾರ್ಜ್ ಸೊನ್ನೆ. 40 ಸೆಂಟ್‌ನಂತೆ 160 ಡಾಲರ್ ಅಲ್ಲೇ ಹೋಯಿತು. ಲೋಡ್ ಇಲ್ಲದ ಟ್ರಕ್ಕು ಡೀಸೆಲ್ ಕುಡಿಯುವುದಿಲ್ಲವೇ? ಲೀಸ್ ಒಪ್ಪಂದಗಳ ಫೆಡರಲ್ ನಿಯಮದ 376.12ನೇ ಕಲಮಿನ ಪ್ರಕಾರ ಡೀಸೆಲ್ ಖರ್ಚು, ಇಂಧನ ತೆರಿಗೆ, ಖಾಲಿ ಓಟ ಯಾರ ಹೊಣೆ ಎಂಬುದನ್ನು ಒಪ್ಪಂದ ಸ್ಪಷ್ಟವಾಗಿ ಹೇಳಲೇಬೇಕು. ಆದರೆ ಸರಕು ಕಳುಹಿಸಿದವರಿಗೆ ಕಂಪನಿ ಹಾಕಿದ ಮೊತ್ತ ತೋರಿಸುವ ಸರಕಿನ ಬಿಲ್ಲಿನ ಪ್ರತಿ ಕೊಡಬೇಕೆಂಬ ಮಾತು ಅದೇ ಕಲಮಿನಲ್ಲಿರುವುದು ಆದಾಯದ ಶೇಕಡಾವಾರು ಲೆಕ್ಕದಲ್ಲಿ ಹಣ ಪಡೆಯುವವರಿಗೆ. ಮೈಲಿ ಲೆಕ್ಕದವರು ಆ ಬಿಲ್ಲನ್ನು ನೆಚ್ಚಿ ಕೂರುವಂತಿಲ್ಲ. ಅದಕ್ಕೇ ಹೇಳುತ್ತೇನೆ: ಆಧಾರ ಬೆಲೆ, ಮೈಲೇಜ್, ಯಾವ ದಿನದ ಯಾವ ಬೆಲೆ, ಯಾವ ಮೈಲಿಗಳು ಎಂಬ ನಾಲ್ಕೂ ಕಾಗದದ ಮೇಲಿಲ್ಲದಿದ್ದರೆ ಸಹಿ ಹಾಕಬೇಡಿ. ಬಾಯಿಮಾತಿನ ಸೂತ್ರ ನಂಬಿದವರ ಲೆಕ್ಕ ಸರಿಪಡಿಸಲು ನಾನು ಎಷ್ಟೋ ರಾತ್ರಿ ಕೂತಿದ್ದೇನೆ. ಹಣ ಮರಳಿ ಬಂದದ್ದು ಅಪರೂಪ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿ ತುಂಬಿಸಿದ ಬೆಲೆಗೂ ಕಂಪನಿ ಹಿಡಿದ ಬೆಲೆಗೂ ಹೊಂದಿಕೆಯೇ ಇಲ್ಲವಲ್ಲ?

ಸಾಮಾನ್ಯವಾಗಿ ಹಿಡಿಯುವುದು ಫೆಡರಲ್ ಇಂಧನ ಮಾಹಿತಿ ಆಡಳಿತ, ಅಂದರೆ ಇಐಎ, ವಾರಕ್ಕೊಮ್ಮೆ ಪ್ರಕಟಿಸುವ ದೇಶದ ಸರಾಸರಿಯನ್ನು, ನಿಮ್ಮ ರಸೀದಿಯನ್ನಲ್ಲ. ಪಶ್ಚಿಮ ತೀರದಲ್ಲೇ ಓಡುವವರು ಅದೇ ಇಐಎಯ ಪ್ರಾದೇಶಿಕ ಸರಾಸರಿಯನ್ನು ಒಪ್ಪಂದಕ್ಕೆ ಹಾಕಿಸಿಕೊಳ್ಳಬೇಕು.

ಪ್ರಶ್ನೆ: ತೆರಿಗೆ ಕಡಿಮೆ ಇರುವ ರಾಜ್ಯದಲ್ಲೇ ಟ್ಯಾಂಕ್ ತುಂಬಿಸಿಕೊಂಡರೆ ತೆರಿಗೆ ಉಳಿಯುತ್ತದೆಯಂತೆ?

ಉಳಿಯುವುದಿಲ್ಲ. ರಾಜ್ಯಗಳು ಇಂಧನ ತೆರಿಗೆ ಹಂಚಿಕೊಳ್ಳಲು ಮಾಡಿಕೊಂಡಿರುವ ಐಎಫ್‌ಟಿಎ ಒಪ್ಪಂದದಡಿ ರಾಜ್ಯ ತೆರಿಗೆ ನೀವು ಎಲ್ಲಿ ತುಂಬಿಸಿದಿರಿ ಎಂಬುದರ ಮೇಲಲ್ಲ, ಎಲ್ಲಿ ಓಡಿದಿರಿ ಎಂಬುದರ ಮೇಲೆ ಮೂರು ತಿಂಗಳಿಗೊಮ್ಮೆ ತೀರುವಳಿಯಾಗುತ್ತದೆ. ಪಂಪಿನ ಬೆಲೆಯಿಂದ ಆ ರಾಜ್ಯದ ತೆರಿಗೆ ಕಳೆದು, ಉಳಿದದ್ದನ್ನು ಹೋಲಿಸಿ.

ಪ್ರಶ್ನೆ: ನಾನು ಕಂಪನಿಯದೇ ಟ್ರಕ್ಕಿನ ಚಾಲಕ. ಸರ್ಚಾರ್ಜ್ ನನಗೂ ಬರಬೇಕಲ್ಲವೇ?

ಡೀಸೆಲ್‌ಗೆ ನೀವು ಹಣ ಕೊಡುತ್ತಿಲ್ಲ, ಬರುವುದಿಲ್ಲ.

ಪ್ರಶ್ನೆ: ಟ್ಯಾಂಕಿಗೆ ಹಾಕುವ ಗುಳಿಗೆಯಿಂದ ಮೈಲೇಜ್ ಶೇ 20 ಏರುತ್ತದೆ ಎಂದು ಒಬ್ಬರು ಮಾರುತ್ತಿದ್ದಾರೆ. ಕೊಳ್ಳಲೇ?

ಬೇಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನ, ಸೇರ್ಪಡೆಗಳನ್ನು ಪರಿಶೀಲಿಸಿ, ಪ್ರಯೋಜನ ಕಂಡದ್ದು ಬೆರಳೆಣಿಕೆಯವುಗಳಲ್ಲಿ, ಅದೂ ಅಲ್ಪ ಎಂದಿದೆ. ಸಾಲದ ಕಂತು ಕಟ್ಟುತ್ತಿರುವ ಚಾಲಕರ ಜೇಬಿಗೆ ಕೈಹಾಕುವ ಈ ಮಾರಾಟಗಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಜಿನ್ ಸುಮ್ಮನೆ ಉರಿಯುತ್ತಾ ನಿಂತರೆ ಗಂಟೆಗೆ ಸುಮಾರು 0.8 ಗ್ಯಾಲನ್ ಹೋಗುತ್ತದೆ. ರಾತ್ರಿ 10 ಗಂಟೆ ಹಾಗೆ ನಿಂತರೆ 4 ಡಾಲರ್ ಬೆಲೆಯಲ್ಲಿ 32 ಡಾಲರ್. ಆ ಹೊತ್ತಿಗೆ ಮೈಲಿ ಇಲ್ಲ, ಸರ್ಚಾರ್ಜೂ ಇಲ್ಲ. ಮೊದಲು ಅದನ್ನು ನಿಲ್ಲಿಸಿ.

ಪ್ರಶ್ನೆ: ಡೀಸೆಲ್ ಇಳಿದಿದೆ ಎಂದು ಕಂಪನಿ ಸರ್ಚಾರ್ಜ್ ನಿಲ್ಲಿಸಿಬಿಟ್ಟಿದೆ. ಆಧಾರ ಬೆಲೆ 1.20. ಇದು ಸರಿಯೇ?

ಸರಿಯಲ್ಲ. ಬೆಲೆ ಇಳಿದರೆ ಸರ್ಚಾರ್ಜ್ ಕಡಿಮೆಯಾಗಬೇಕು. ಸೊನ್ನೆಯಾಗುವುದು ಬೆಲೆ 1.20ಕ್ಕೆ ಬಂದಾಗ ಮಾತ್ರ. ದೇಶದ ಸರಾಸರಿ ಕೊನೆಯ ಸಲ ಅದಕ್ಕಿಂತ ಕೆಳಗಿದ್ದದ್ದು 2002ರ ಆರಂಭದಲ್ಲಿ. ನಿಲ್ಲಿಸಿದ ವಾರಗಳ ಲೆಕ್ಕದ ಚೀಟಿಗಳನ್ನು ಜೋಡಿಸಿ, ಆಯಾ ವಾರದ ಇಐಎ ಬೆಲೆಯನ್ನು ಪಕ್ಕದಲ್ಲಿ ಬರೆದು, ಬಾಕಿಯನ್ನು ಲಿಖಿತವಾಗಿ ಕೇಳಿ.