ಓದುಗರ ಪ್ರಶ್ನೆ: ಕೊಳೆ ಯಾವುದೆಂದು ತಿಳಿದು ಕೈಹಾಕಿ

ನವರಾತ್ರಿ ಸಮೀಪಿಸುತ್ತಿರುವುದರಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮನೆಯ ಕೋಣೆಗಳನ್ನು ಮೂಲೆಮೂಲೆಯೂ ಬಿಡದಂತೆ ಶುಚಿ ಮಾಡುವ ಕುರಿತಾಗಿಯೇ ಇವೆ. ಬಹುತೇಕ ಎಲ್ಲ ಪತ್ರಗಳಲ್ಲೂ ಕಾಣುವ ಬೇಸರ ಒಂದೇ: ಕೈ ಸೋಲುವಷ್ಟು ತಿಕ್ಕಿದರೂ ಕಲೆ ಹೋಗುವುದಿಲ್ಲ. ತಿಕ್ಕುವ ಬಲ ಕಡಿಮೆಯಾದುದರಿಂದ ಹೀಗಾಗುವುದು ಅಪರೂಪ. ಉಪ್ಪಿನ ಕಲೆಗೆ ಸೋಪನ್ನೂ ಜಿಡ್ಡಿಗೆ ನಿಂಬೆಯನ್ನೂ ಹಾಕಿದ್ದರಿಂದ ಶ್ರಮ ವ್ಯರ್ಥವಾಗಿರುತ್ತದೆ. ಆದ್ದರಿಂದ ಪ್ರತಿಯೊಂದು ಉತ್ತರದಲ್ಲೂ ಆ ಕೊಳೆ ಏನೆಂಬುದನ್ನು ಮೊದಲು ಹೇಳಿ, ಅನಂತರ ವಿಧಾನಕ್ಕೆ ಬಂದಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಹೊರವಲಯದ ಫ್ಲ್ಯಾಟ್‌ನಲ್ಲಿದ್ದೇವೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಬಚ್ಚಲುಮನೆಯ ಟೈಲ್ಸ್, ನಲ್ಲಿ, ಶವರ್, ಗಾಜಿನ ಬಾಗಿಲು ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟಿಕೊಂಡಿದೆ. ಸೋಪಿನ ಪುಡಿ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಕಳೆದ ವಾರ ಆಸಿಡ್ ಸುರಿದು, ಸಾಲದೆಂದು ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಘಾಟು ಎದ್ದು ಕೆಮ್ಮು ತಡೆಯಲಾಗದೆ ಹೊರಗೆ ಓಡಿಬಂದೆ. ಸರಿಯಾದ ದಾರಿ ಯಾವುದು?

ಉತ್ತರ: ನೀವು ಹೊರಗೆ ಓಡಿಬಂದದ್ದೇ ಒಳ್ಳೆಯದಾಯಿತು. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ವಿಷಾನಿಲವಾಗಿ ಬಿಟ್ಟದ್ದು ಇದೇ ಕ್ಲೋರಿನ್. ಕಿಟಕಿ ಚಿಕ್ಕದಾಗಿರುವ ಬಚ್ಚಲಿನಲ್ಲಿ ಅದರ ಅಲ್ಪ ಪ್ರಮಾಣವೂ ಶ್ವಾಸಕೋಶಕ್ಕೆ ಅಪಾಯಕಾರಿ. ಅಂಗಡಿಯಲ್ಲಿ ಸಿಗುವ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹಲವು ಆಸಿಡ್‌ಗಳೇ ಆದ್ದರಿಂದ ಅವುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಇನ್ನೂ ಕೆಮ್ಮು ಅಥವಾ ಎದೆಬಿಗಿತ ಉಳಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಈಗ ಕಲೆಯ ವಿಚಾರ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ನೀರು ಆರಿದಾಗ ಸುಣ್ಣದಂಥ ಗಟ್ಟಿ ಪದರವಾಗಿ ಉಳಿಯುತ್ತವೆ. ಸ್ನಾನದ ಸೋಪು ಇದೇ ನೀರಿನೊಡನೆ ಸೇರಿದಾಗ ನೊರೆ ಬರುವ ಬದಲು ಮೊಸರಿನಂಥ ಅಂಟು ಕೂಡ ಉಂಟಾಗಿ ಆ ಪದರದ ಮೇಲೆ ಕೂರುತ್ತದೆ. ಸುಣ್ಣದ ಪದರ ಸೋಪಿಗಾಗಲಿ ಸೋಪಿನ ಪುಡಿಗಾಗಲಿ ಕರಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ಇದಕ್ಕೆ ಘಾಟಿನ ಆಸಿಡ್ ಬೇಕಾಗಿಲ್ಲ, ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಸಾಕು. 1 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ. ಟೈಲ್ಸ್ ನಡುವಿನ ಸಿಮೆಂಟ್ ಗೆರೆಗಳು ಹುಳಿಯನ್ನು ಹೀರಿಕೊಳ್ಳದಂತೆ ಗೋಡೆಯನ್ನು ಮೊದಲು ಬರಿಯ ನೀರಿನಿಂದ ಚೆನ್ನಾಗಿ ನೆನೆಸಿ, ಆಮೇಲೆ ಹಳೆಯ ಬಟ್ಟೆಯನ್ನು ಈ ದ್ರಾವಣದಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿಬಿಡಿ. ನಲ್ಲಿಗೆ ಬಟ್ಟೆಯನ್ನು ಸುತ್ತಿ, ಶವರ್ ತಲೆಯನ್ನು ಬಿಚ್ಚಲು ಬಂದರೆ ಬಿಚ್ಚಿ ಮಗ್‌ನಲ್ಲಿ ಮುಳುಗಿಸಿಡಿ. 15ರಿಂದ 20 ನಿಮಿಷ ಅದರ ಪಾಡಿಗೆ ಅದನ್ನು ಬಿಡುವುದೇ ಇಲ್ಲಿ ಮುಖ್ಯ. ಬಟ್ಟೆ ತೆಗೆದಾಗ ಪದರ ಮೆತ್ತಗಾಗಿ, ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಬಿಡುತ್ತದೆ. ತೆಂಗಿನ ನಾರಿನಿಂದ ಹಗುರವಾಗಿ ಉಜ್ಜಿ ಸಾಕಷ್ಟು ನೀರಿನಿಂದ ತೊಳೆಯಿರಿ. ವರ್ಷಗಳಿಂದ ಕೂತ ಕಲೆಯಾದರೆ ಒಂದೇ ಸಲಕ್ಕೆ ಹೋಗದು. ಹುಳಿಯನ್ನು ಗಟ್ಟಿ ಮಾಡುವುದಕ್ಕಿಂತ ಇದನ್ನೇ ಎರಡು ಮೂರು ದಿನ ಮಾಡುವುದು ಲೇಸು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಿಮ್ಮ ಬಚ್ಚಲಲ್ಲಿ ಅಥವಾ ಅಡುಗೆಕಟ್ಟೆಯಲ್ಲಿ ಅಮೃತಶಿಲೆ, ಕಡಪ ಕಲ್ಲು, ಶಹಾಬಾದ್ ಕಲ್ಲು, ಹಳೆಯ ಮೊಸಾಯಿಕ್ ಇವುಗಳಲ್ಲಿ ಯಾವುದಿದ್ದರೂ ಅದರ ಮೇಲೆ ಹುಳಿ ತಾಕಲೇಬಾರದು, ಏಕೆಂದರೆ ಕಲೆ ಯಾವ ವಸ್ತುವೋ ಆ ಕಲ್ಲುಗಳೂ ಬಹುಮಟ್ಟಿಗೆ ಅದೇ ವಸ್ತು. ನಮ್ಮ ತಾಯಿಯ ಮನೆಯ ಕಪ್ಪು ಕಡಪ ಕಲ್ಲಿನ ಕಟ್ಟೆಯ ಮೇಲೆ ಉಪ್ಪಿನಕಾಯಿಗೆಂದು ಹೆಚ್ಚಿದ ನಿಂಬೆ ಹೋಳುಗಳು ಒಂದು ರಾತ್ರಿ ಬೋರಲಾಗಿ ಉಳಿದಿದ್ದವು. ಬೆಳಿಗ್ಗೆ ಒರೆಸಿದಾಗ ಹೋಳು ಕೂತ ಕಡೆಯೆಲ್ಲ ಕಾಸಿನಗಲದ ಬೂದು ಬಣ್ಣದ ಉಂಗುರಗಳು ಕಂಡವು, ಮುಟ್ಟಿದರೆ ಬೆರಳಿಗೆ ಒರಟು. ಕಲ್ಲೇ ಕರಗಿದ್ದರಿಂದ ಆ ಗುರುತು ಇವತ್ತಿಗೂ ಇದೆ. ಸೆರಾಮಿಕ್ ಟೈಲ್ಸ್ ಮತ್ತು ಗಾಜಿಗೆ ಈ ಭಯವಿಲ್ಲ.

ಒಮ್ಮೆ ಕಲೆ ಹೋದ ಮೇಲೆ, ಸ್ನಾನ ಮುಗಿದೊಡನೆ ಗಾಜಿನ ಮತ್ತು ಗೋಡೆಯ ನೀರನ್ನು ರಬ್ಬರ್ ವೈಪರ್‌ನಿಂದ ಎಳೆದುಬಿಡಿ. ಆರುವ ನೀರೇ ಉಳಿಯದಿದ್ದರೆ ಉಪ್ಪು ಕೂರುವುದಕ್ಕೆ ಅವಕಾಶವೇ ಇರುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಅಡುಗೆಮನೆಯ ಒಲೆಯ ಹಿಂದಿನ ಗೋಡೆ, ಎಕ್ಸಾಸ್ಟ್ ಫ್ಯಾನ್, ಕಪಾಟುಗಳ ಮೇಲ್ಭಾಗ ಎಲ್ಲವೂ ಅಂಟಂಟಾಗಿವೆ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಹಾಕಿದರೆ ಬುರುಬುರು ನೊರೆ ಬಂತೇ ಹೊರತು ಜಿಡ್ಡು ಅಲ್ಲೇ ಇದೆ.

ಉತ್ತರ: ಆ ನೊರೆಯನ್ನು ನಂಬಿ ಮೋಸಹೋದವರು ಬಹಳ ಮಂದಿ ಇದ್ದಾರೆ. ಸೋಡಾ ಕ್ಷಾರ, ವಿನೆಗರ್ ಹುಳಿ. ಎರಡೂ ಸೇರಿದಾಗ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕಿ, ಅನಿಲ ಹೋದ ಮೇಲೆ ಉಳಿಯುವುದು ಬಹುತೇಕ ಉಪ್ಪುನೀರು ಮಾತ್ರ. ಅವನ್ನು ಬೆರೆಸದೆ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಕು.

ಒಗ್ಗರಣೆಯಿಂದಲೂ ಕರಿಯುವುದರಿಂದಲೂ ಎದ್ದ ಎಣ್ಣೆಯ ಹಬೆ ಗೋಡೆಗೆ ತಾಗಿ, ಶಾಖಕ್ಕೂ ಗಾಳಿಗೂ ಕ್ರಮೇಣ ವಾರ್ನಿಷ್‌ನಂತೆ ಬಿಗಿದುಕೊಂಡು, ಅದರ ಮೇಲೆ ಧೂಳು ಕೂತು ನಿಮ್ಮ ಅಂಟಾಗಿದೆ. ಜಿಡ್ಡಿಗೆ ಬೇಕಾದದ್ದು ಕ್ಷಾರ ಮತ್ತು ಬಿಸಿ. ನಮ್ಮ ಅಜ್ಜಿಯಂದಿರು ಎಣ್ಣೆಯ ಬಾಣಲೆಯನ್ನು ಒಲೆಯ ಬೂದಿಯಿಂದ ತಿಕ್ಕುತ್ತಿದ್ದುದು ಇದೇ ಕಾರಣಕ್ಕೆ. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಎಣ್ಣೆಯ ಸ್ವಲ್ಪ ಭಾಗವನ್ನು ಸಾಬೂನನ್ನಾಗಿಯೇ ಮಾರ್ಪಡಿಸುತ್ತದೆ. ಇಂದು ಆ ಕೆಲಸಕ್ಕೆ ವಾಷಿಂಗ್ ಸೋಡಾ ಇದೆ. 1 ಲೀಟರ್ ಬಿಸಿನೀರಿಗೆ 1 ದೊಡ್ಡ ಚಮಚ ವಾಷಿಂಗ್ ಸೋಡಾ, ಜೊತೆಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಹಾಕಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಒಲೆಯ ಹಿಂದಿನ ಟೈಲ್ಸ್‌ಗೆ ಇದನ್ನು ಬಳಿದು 10 ನಿಮಿಷ ಬಿಟ್ಟು ಒರೆಸಿದರೆ ಅಂಟು ಜಾರಿ ಬರುತ್ತದೆ. ಕೆಲಸಕ್ಕೆ ಮುಂಚೆ ಗ್ಯಾಸ್ ರೆಗ್ಯುಲೇಟರನ್ನು ಬಂದ್ ಮಾಡುವುದನ್ನೂ ಫ್ಯಾನಿನ ಪ್ಲಗ್ ತೆಗೆಯುವುದನ್ನೂ ಮರೆಯಬೇಡಿ.

ಪೇಂಟ್ ಬಳಿದ ಗೋಡೆಗೆ ಸೋಡಾ ಬೇಡ, ಬಣ್ಣ ಏಳುತ್ತದೆ. ಅಲ್ಲಿ ಬೆಚ್ಚಗಿನ ನೀರು ಮತ್ತು ಪಾತ್ರೆಯ ದ್ರವ ಸಾಕು. ಗೋಡೆಯ ಧೂಳನ್ನು ಕೊಡವುವಾಗ ಮೇಲಿನಿಂದ ಕೆಳಕ್ಕೆ ಬರಬೇಕು. ಆದರೆ ಅದೇ ಗೋಡೆಯನ್ನು ನೀರಿನಿಂದ ಒರೆಸುವಾಗ ಕೆಳಗಿನಿಂದ ಮೇಲಕ್ಕೆ ಹೋಗುವುದು ಒಳ್ಳೆಯದು. ಒಣಗಿದ ಕೊಳೆಯ ಮೇಲೆ ನೀರಿಳಿದರೆ ಗೆರೆಗೆರೆಯಾಗಿ ಕಲೆ ಉಳಿಯುತ್ತದೆ, ಮೊದಲೇ ಒದ್ದೆಯಾದ ಜಾಗದ ಮೇಲೆ ಇಳಿದರೆ ಉಳಿಯುವುದಿಲ್ಲ.

ಚಿಮಣಿ ಇದ್ದರೆ ಅದರ ಸ್ಟೀಲಿನ ಫಿಲ್ಟರನ್ನು ಇದೇ ನೀರಿನಲ್ಲಿ ಒಂದು ಗಂಟೆ ನೆನೆಹಾಕಬಹುದು. ಅಲ್ಯೂಮಿನಿಯಂ ಜಾಲರಿಯನ್ನು ಮಾತ್ರ ನೆನೆಹಾಕಬೇಡಿ, ಸೋಡಾ ಅದನ್ನು ಕಪ್ಪಾಗಿಸಿ ತಿನ್ನುತ್ತದೆ. ಕಪಾಟುಗಳ ಮೇಲ್ಭಾಗವನ್ನು ಒರೆಸಿದ ಮೇಲೆ ಹಳೆಯ ಪತ್ರಿಕೆ ಹಾಸಿಬಿಡಿ. ಮುಂದಿನ ಹಬ್ಬಕ್ಕೆ ಅದನ್ನು ಸುರುಳಿ ಸುತ್ತಿ ಎಸೆದರೆ ಜಿಡ್ಡೂ ಅದರೊಡನೆಯೇ ಹೋಗುತ್ತದೆ.

ಪ್ರಶ್ನೆ: ಸಾಗರ ತಾಲ್ಲೂಕಿನ ಹಳ್ಳಿಮನೆ ನಮ್ಮದು. ಮಳೆಗಾಲ ಮುಗಿಯುವ ಹೊತ್ತಿಗೆ ಬೀರುವಿನ ಹಿಂದಿನ ಗೋಡೆ, ಮರದ ಪೆಟ್ಟಿಗೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿದಿರುತ್ತದೆ. ಪ್ರತಿವರ್ಷ ಪೊರಕೆಯಿಂದ ಗುಡಿಸಿ ತೆಗೆಯುತ್ತೇವೆ, ಮತ್ತೆ ಬರುತ್ತದೆ.

ಉತ್ತರ: ಬೂಷ್ಟು ಒಂದು ಜೀವಿ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಿದಾಗ ಅದರ ಬೀಜಕಣಗಳು ಗಾಳಿಯಲ್ಲಿ ಹರಡಿ, ಕೋಣೆಯ ಉಳಿದ ಗೋಡೆಗಳಿಗೂ ಮೂಗಿಗೂ ಸೇರುತ್ತವೆ. ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು, ಸೋಪಿನ ಪುಡಿಯ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ ಒರೆಸಿ ತೆಗೆಯಿರಿ. ಆ ಬಟ್ಟೆಯನ್ನು ಪದೇ ಪದೇ ತೊಳೆಯುತ್ತಿರಬೇಕು. ಮರದ ಪೆಟ್ಟಿಗೆಯನ್ನು ಒರೆಸಿದ ಮೇಲೆ ಬಾಯಿ ತೆರೆದು ಬಿಸಿಲಿಗಿಡಿ. ಪುಸ್ತಕ ಮತ್ತು ರೇಷ್ಮೆ ಸೀರೆಗಳಿಗೆ ನೆರಳಿನ ಗಾಳಿಯೇ ಸಾಕು, ನೇರ ಬಿಸಿಲು ಬಣ್ಣ ಕಳೆಯುತ್ತದೆ.

ಆದರೆ ತೇವ ಇರುವವರೆಗೆ ಬೂಷ್ಟು ಮರಳುವುದನ್ನು ಯಾವ ಔಷಧವೂ ತಡೆಯಲಾರದು. ಬೀರುವನ್ನು ಗೋಡೆಗೆ ಅಂಟಿಸಿಡದೆ ಒಂದು ಗೇಣು ಮುಂದಕ್ಕೆ ಸರಿಸಿ, ಹಿಂದೆ ಗಾಳಿ ಓಡಾಡಲಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹರವಿ ಒಣಗಿಸುವುದು ಮಲೆನಾಡಿನ ಅನಿವಾರ್ಯವೆಂದು ನನಗೆ ಗೊತ್ತಿದೆ, ಆದರೂ ಸಾಧ್ಯವಾದಷ್ಟು ಅದನ್ನು ಜಗಲಿಗೋ ಬಚ್ಚಲೊಲೆಯ ಬಳಿಗೋ ವರ್ಗಾಯಿಸಿ, ಒಬ್ಬರ ಬಟ್ಟೆಯಿಂದಲೇ ಎಷ್ಟು ನೀರು ಕೋಣೆಯ ಗಾಳಿಗೆ ಸೇರುತ್ತದೆಂಬುದನ್ನು ಹಿಂಡಿದ ಬಟ್ಟೆಯನ್ನೂ ಒಣಗಿದ ಬಟ್ಟೆಯನ್ನೂ ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಹೆಂಚು ಒಡೆದು ಗೋಡೆಗೆ ನೀರಿಳಿಯುತ್ತಿದ್ದರೆ ಅದರ ರಿಪೇರಿ ಮೊದಲು. ಮಣ್ಣಿನ ಅಥವಾ ಕಲ್ಲಿನ ಹಳೆಯ ಗೋಡೆಯಾದರೆ ಪ್ಲಾಸ್ಟಿಕ್ ಪೇಂಟಿನ ಬದಲು ಸುಣ್ಣವನ್ನೇ ಬಳಿಯಿರಿ ಎಂದು ನಾನು ಹೇಳುತ್ತೇನೆ. ಸುಣ್ಣದ ಕ್ಷಾರಗುಣ ಬೂಷ್ಟಿಗೆ ಒಗ್ಗುವುದಿಲ್ಲ, ಗೋಡೆಯೊಳಗಿನ ತೇವ ಹೊರಬರುವುದಕ್ಕೂ ಅದು ಅಡ್ಡಿಯಾಗುವುದಿಲ್ಲ. ಆಷಾಢದಲ್ಲಿ ತೊಳೆದದ್ದು ಆರುವುದೇ ಇಲ್ಲವಾದ್ದರಿಂದ ನಿಮ್ಮ ಕಡೆ ದೊಡ್ಡ ಸ್ವಚ್ಛತೆಗೆ ಆಶ್ವಯುಜ, ಕಾರ್ತಿಕವೇ ಸರಿಯಾದ ಕಾಲ.

ಪ್ರಶ್ನೆ: ನನ್ನ ಏಳು ವರ್ಷದ ಮಗನಿಗೆ ಧೂಳಿನ ಅಲರ್ಜಿ, ಆಗಾಗ ಉಬ್ಬಸ. ಮಲಗುವ ಕೋಣೆಯನ್ನು ಪೂರ್ತಿ ಶುಚಿ ಮಾಡಿದ ರಾತ್ರಿಯೇ ಅವನಿಗೆ ಹೆಚ್ಚಾಗುತ್ತದೆ. ಹಾಗಾದರೆ ಶುಚಿ ಮಾಡುವುದೇ ತಪ್ಪೇ? (ಮೈಸೂರು)

ಉತ್ತರ: ತಪ್ಪಲ್ಲ ತಾಯಿ, ಆದರೆ ಕ್ರಮ ಬದಲಾಗಬೇಕು. ಕೆಲಸ ನಡೆಯುವಾಗಲೂ ಮುಗಿದ ಬಳಿಕ ಎರಡು ಮೂರು ಗಂಟೆಯೂ ಮಗು ಆ ಕೋಣೆಯಲ್ಲಿರಬಾರದು. ಆದ್ದರಿಂದ ಅವನು ಶಾಲೆಗೆ ಹೋದೊಡನೆ ಕೆಲಸ ಆರಂಭಿಸಿ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲವನ್ನು ತೊಡಿಸಿ ಒತ್ತಿ ಹಿಂದಕ್ಕೆ ಎಳೆದರೆ ಧೂಳೆಲ್ಲ ಚೀಲದೊಳಗೇ ಬೀಳುತ್ತದೆ, ಹಾಸಿಗೆಯ ಮೇಲೆ ಉದುರುವುದಿಲ್ಲ. ಆಮೇಲೆ ಸಜ್ಜಾ, ಬೀರುವಿನ ತಲೆ, ಕಿಟಕಿಯ ಸೊಳ್ಳೆಪರದೆ, ಕೊನೆಗೆ ನೆಲ. ಪೊರಕೆಯ ಬದಲು ಒದ್ದೆ ಬಟ್ಟೆಯನ್ನೇ ಬಳಸಿ.

ಇಂಥ ಮಕ್ಕಳಿಗೆ ಕಾಣುವ ಧೂಳಿಗಿಂತ ಹೆಚ್ಚಿನ ತೊಂದರೆ ಬರುವುದು ಹಾಸಿಗೆ ದಿಂಬುಗಳಲ್ಲಿರುವ, ಕಣ್ಣಿಗೆ ಕಾಣದ ಧೂಳಿನ ನುಸಿಗಳಿಂದ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಆಹಾರ. ಹೊದಿಕೆ ಮತ್ತು ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆದರೆ ಅವು ಸಾಯುತ್ತವೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಎರಡೂ ಮಗ್ಗುಲು ಕಾಯಿಸಿ, ಕೋಲಿನಿಂದ ಹೊಡೆಯುವುದನ್ನು ಅಂಗಳದಲ್ಲೇ ಮುಗಿಸಿ. ನುಸಿಗುಳಿಗೆ, ಸುಗಂಧದ ಸ್ಪ್ರೇ, ಫಿನಾಯಿಲ್ ಇವುಗಳ ವಾಸನೆಯೇ ಉಬ್ಬಸವನ್ನು ಕೆರಳಿಸಬಹುದಾದ್ದರಿಂದ ಈ ಒಂದು ಕೋಣೆಗಾದರೂ ಅವು ಬೇಡ. ವೈದ್ಯರು ಕೊಟ್ಟ ಇನ್‌ಹೇಲರನ್ನು, ಮನೆ ಶುಚಿಯಾಯಿತೆಂಬ ಕಾರಣಕ್ಕೆ ನಿಲ್ಲಿಸಬೇಡಿ.

ಪ್ರಶ್ನೆ: ಉಡುಪಿ ಸಮೀಪದ ನಮ್ಮ ಹಿರಿಯರ ಮನೆಯಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲವಿದೆ. ಹೊಳಪು ಮಾಸಿದೆ. ಆಸಿಡ್ ಹಾಕಿ ಉಜ್ಜಿಸೋಣ ಎಂದು ಕೆಲಸದವರು ಹೇಳುತ್ತಾರೆ.

ಉತ್ತರ: ದಯವಿಟ್ಟು ಒಪ್ಪಬೇಡಿ. ಆ ನೆಲ ಸಿಮೆಂಟ್ ಮತ್ತು ಬಣ್ಣದ ಪುಡಿಯನ್ನು ಸೇರಿಸಿ ಕರಣೆಯಿಂದ ತೀಡಿ ತೀಡಿ ಮಾಡಿದ್ದು. ಹುಳಿ ಬಿದ್ದರೆ ಮೇಲಿನ ನುಣುಪಾದ ಪದರ ತಿಂದುಹೋಗಿ ಬಿಳಿಚಿಕೊಳ್ಳುತ್ತದೆ, ಆ ನುಣುಪನ್ನು ಮತ್ತೆ ತರಿಸಬಲ್ಲ ಕೈಗಳು ಈಗ ವಿರಳ. ಬೆಚ್ಚಗಿನ ನೀರಿಗೆ ಪಾತ್ರೆಯ ದ್ರವ ಸ್ವಲ್ಪವೇ ಸೇರಿಸಿ, ಹತ್ತಿ ಬಟ್ಟೆಯಿಂದ ಒರೆಸಿ, ಬರಿಯ ನೀರಿನಿಂದ ಎರಡು ಸಲ ಒರೆಸಿ ಪೂರ್ತಿ ಆರಲು ಬಿಡಿ. ಅನಂತರ ಮೆತ್ತನೆಯ ಬಟ್ಟೆಗೆ ಕೆಲವೇ ಹನಿ ಕೊಬ್ಬರಿ ಎಣ್ಣೆ ಹಾಕಿ, ಎಣ್ಣೆ ಕೈಗೆ ಅಂಟದಷ್ಟು ತೆಳ್ಳಗೆ ನೆಲಕ್ಕೆ ತೀಡಿ, ಇನ್ನೊಂದು ಒಣಬಟ್ಟೆಯಿಂದ ಒರೆಸಿಬಿಡಿ. ಹೆಚ್ಚಾದರೆ ಕಾಲು ಜಾರುತ್ತದೆ, ಧೂಳೂ ಹಿಡಿಯುತ್ತದೆ. ಆದ್ದರಿಂದ ಹಿರಿಯರು ಓಡಾಡುವ ಹಾದಿಯನ್ನು ಬಿಟ್ಟು ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ.